ನರಿ ಚಿತ್ರದ ಚೀಲ

ಶುಕ್ರವಾರ ಸಂಜೆ ಆರೂವರೆಗೆ, ಅಂಚೆಯಲ್ಲಿ ಬರಬೇಕಿದ್ದ ಚೀಲವನ್ನು ಮಾರಿದವಳೇ ಕೈಯಲ್ಲಿ ಹಿಡಿದು ತಂದಳು.

"ಪೂರ್ಣಿಮಾ ಅವ್ರಲ್ವಾ? ನಾನು ತೇಜಶ್ರೀ. ಅಡ್ರೆಸ್ ನೋಡಿದ್ರೆ ಓವರ್‌ಲೇಕು, ನಮ್ಮನೆಯಿಂದ ಎರಡೇ ಸಿಗ್ನಲ್. ಹೆಸ್ರೂ ನಮ್ಮ ಕಡೇದೇ. ಪೋಸ್ಟ್ ಯಾಕೆ ಅಂತ ನಾನೇ ಬಂದ್ಬಿಟ್ಟೆ."

ಬಾಗಿಲು ತೆರೆದವಳ ಹೆಸರು ಯಾಮಿನಿ. ಅವಳಿಗೆ ಅಮೆರಿಕದ ಬೆಲ್ವ್ಯೂ ಊರಿನಲ್ಲಿ ಮಕ್ಕಳ ಊಟದ ಡಬ್ಬಿ ಮಾಡುವ ಕಂಪನಿಯಲ್ಲಿ ಕೆಲಸ. ಕಂಪನಿಯ ಗುರುತಾದ ಕೆಂಪು ನರಿಯ ಚಿತ್ರ ಕದ್ದು, ತಮ್ಮ ಸಾಮಾನಿನ ಮೇಲೆ ಹಾಕಿ ಆನ್‌ಲೈನಿನಲ್ಲಿ ಮಾರುವವರನ್ನು ಅವಳು ಹಿಡಿಯಬೇಕು. ಅದಕ್ಕೆ ತಾನೇ ಆರ್ಡರ್ ಮಾಡಿ ಸಾಕ್ಷ್ಯ ತರಿಸಬೇಕು. ಕಚೇರಿಯ ವಿಳಾಸ ಕೊಟ್ಟರೆ ಮಾರುವವರಿಗೆ ಅನುಮಾನ ಬರುತ್ತದೆ. ಹಾಗಾಗಿ ಮನೆಯ ವಿಳಾಸ, ಅತ್ತೆಯ ಹೆಸರು.

"ಹೌದು," ಎಂದಳು ಯಾಮಿನಿ. "ಒಳಗೆ ಬನ್ನಿ."

ಕಾಫಿ ಕುಡಿಯುತ್ತ ತೇಜಶ್ರೀ ಚೀಲದ ಮೇಲಿನ ನರಿಯನ್ನು ಬೆರಳಿನಿಂದ ತಟ್ಟಿದಳು. "ಆನೆ ಹಾಕ್ದೆ, ನವಿಲು ಹಾಕ್ದೆ, ಒಬ್ರೂ ಮೂಸಿ ನೋಡ್ಲಿಲ್ಲ. ಈ ಕಳ್ಳ ನರಿ ಒಂದೇ ಓಡೋದು."

"ಕಂಪನಿಯವ್ರು ಸುಮ್ನಿರ್ತಾರಾ?"

"ಎಲ್ಲಿ? ಎರಡು ಸಲ ಪೇಜ್ ತೆಗೆಸಿದ್ರು ರೀ. ಇನ್ನೊಂದು ಸಲ ಆದ್ರೆ ಅಕೌಂಟೇ ಗೋವಿಂದ. ಇದಕ್ಕೇ ಅಂತ ಯಾರ್ನೋ ಕೂರ್ಸಿದಾರಂತೆ. ಎಂಥಾ ಕೆಲ್ಸಾನೋ!" ಅವಳು ನಕ್ಕಳು. "ನಮ್ಮನೆಯವ್ರ ಕೆಲ್ಸ ಹೋಗಿದೆ. ಈಗ ಮನೆ ನಡೀತಿರೋದು ಈ ನರಿ ಮೇಲೇ."

ಹೊರಡುವಾಗ ಯಾಮಿನಿ ಅರಿಶಿನ ಕುಂಕುಮ ಕೊಟ್ಟಳು. ಜೊತೆಗೆ ಜರಿಯಂಚಿನ ನೇರಳೆ ರವಿಕೆ ಕಣ.

"ಅಯ್ಯೋ, ಇದೆಲ್ಲ ಯಾಕ್ರೀ?"

"ಶುಕ್ರವಾರ ಬೇರೆ, ಮೊದಲ್ನೇ ಸಲ ಬಂದಿದೀರ. ಹಾಗೇ ಕಳಿಸೋಕಾಗತ್ತಾ?"

ಕೈಯಲ್ಲಿ ತಂದುಕೊಟ್ಟ ಚೀಲ ಸಾಕ್ಷ್ಯವಾಗುವುದಿಲ್ಲ. ಅಂಚೆಯ ಮುದ್ರೆ ಬೇಕು. ಸೋಮವಾರ ಯಾಮಿನಿ ಅದೇ ಹೆಸರಿನಲ್ಲಿ ಇನ್ನೊಂದು ಚೀಲಕ್ಕೆ ಆರ್ಡರ್ ಹಾಕಿದಳು. ಈ ವಾರ ಮನೆಯಲ್ಲಿರುವುದಿಲ್ಲ, ಅಂಚೆಯಲ್ಲೇ ಕಳಿಸಿ ಎಂದು ಕೆಳಗೆ ಬರೆದಳು.

ಗುರುವಾರ ಚೀಲ ಬಂತು. ಮುದ್ರೆ ಸ್ಪಷ್ಟವಾಗಿತ್ತು. ಹೊರಗೆ ಕೆಂಪು ನರಿ. ಜಿಪ್ ಎಳೆದಾಗ ಒಳಗಿನ ಲೈನಿಂಗ್ ಕಂಡಿತು: ಅವಳೇ ಕೊಟ್ಟ ನೇರಳೆ ಕಣ. ಜರಿಯಂಚು ಚೀಲದ ಬಾಯಿಯ ಸುತ್ತ ಬರುವಂತೆ ಅಳತೆ ನೋಡಿ ಹೊಲಿಯಲಾಗಿತ್ತು.

ವರದಿಗೆ ಬೇಕಿದ್ದದ್ದು ವಿಳಾಸದ ಚೀಟಿ, ಅಂಚೆ ಮುದ್ರೆ ಮತ್ತು ನರಿಯ ಫೋಟೊಗಳು. ಯಾಮಿನಿ ಅಷ್ಟನ್ನೇ ಕಳಿಸಿದಳು.

ಮರುದಿನ ಮಧ್ಯಾಹ್ನ ತೇಜಶ್ರೀಯ ಅಕೌಂಟನ್ನು ಮುಚ್ಚಲಾಯಿತು. ಜಿಪ್ ಹಾಕಿದ ಚೀಲ ಕಚೇರಿಯ ಸಾಕ್ಷ್ಯದ ಕಪಾಟಿಗೆ ಹೋಯಿತು.