ಕಿವಿಯ ಹಿಂದಿನ ಪಟ್ಟಿ

ಲಾಂಚು ಓಡಿಸುವವನ ಹೆಂಡತಿಯಾದರೂ ಅವಳಿಗೆ ಲಾಂಚೆಂದರೆ ಆಗದು. ಮದುವೆಯಾದ ಹೊಸದರಲ್ಲಿ ಒಮ್ಮೆ ಹತ್ತಿದ್ದಳು. ಹಗ್ಗ ಬಿಚ್ಚುವ ಮೊದಲೇ ಗಂಡನ ಹೊಸ ಅಂಗಿಯ ಮೇಲೆ ವಾಂತಿ ಮಾಡಿ ಇಳಿದುಬಂದಿದ್ದಳು. ಅಂದಿನಿಂದ ಊರವರ ಬಾಯಲ್ಲಿ ಅವಳು ‘ದಡದಕ್ಕ’.

ಎದುರಿನ ನಡುಗಡ್ಡೆಯಲ್ಲಿದ್ದ ಅವಳ ಅಕ್ಕನೇ ಆಗಾಗ ಈಚೆ ಬಂದುಹೋಗುತ್ತಿದ್ದಳು. ಆ ಅಕ್ಕ ಈಗ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಳು.

“ನೀನು ಬರೋದೇನೂ ಬೇಡ. ಬಂದ್ರೆ ನಾನೇ ನಿನ್ನ ನೋಡ್ಕೋಬೇಕಾಗುತ್ತೆ,” ಎಂದು ಅಕ್ಕ ಫೋನಿನಲ್ಲಿ ನಕ್ಕಳು. ದಡದಕ್ಕನೂ ನಕ್ಕಳು. ಫೋನ್ ಇಟ್ಟ ಮೇಲೆ ಅತ್ತಳು.

ಔಷಧಿ ಅಂಗಡಿಯಿಟ್ಟಿದ್ದ ಮೈದುನ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದ. ಅವರು ಬರೆದುಕೊಟ್ಟದ್ದು ಅಂಗಿಯ ಗುಂಡಿಯಷ್ಟಗಲದ, ಮೈಗೆ ಅಂಟಿಸುವ ಒಂದು ಔಷಧಿ ಪಟ್ಟಿ.

“ಇದನ್ನ ಅಂಟಿಸಿದ್ರೆ ಸಮುದ್ರ ಸುಮ್ಮನಾಗುತ್ತೇನೋ?”

“ಸಮುದ್ರ ಅಲ್ಲ ಅತ್ತಿಗೆ, ನಿಮ್ಮ ಹೊಟ್ಟೆ. ಔಷಧಿ ಒಂದೇ ಸಲ ನುಗ್ಗಲ್ಲ, ಚರ್ಮದಿಂದ ಇಷ್ಟಿಷ್ಟೇ ಒಳಗಿಳಿಯುತ್ತೆ. ಮೂರು ದಿನ ಬರುತ್ತೆ. ಇವತ್ತು ಮಲಗೋ ಮುಂಚೆ ಕಿವಿ ಹಿಂದೆ ಅಂಟಿಸಿ, ಬೆಳಿಗ್ಗೆ ಹೊತ್ತಿಗೆ ಕೆಲಸ ಶುರುವಾಗಿರುತ್ತೆ. ಕೈ ತೊಳ್ಕೊಳ್ಳಿ, ಆ ಕೈಲಿ ಕಣ್ಣು ಮುಟ್ಟಬೇಡಿ. ಬಾಯಿ ಒಣಗಬಹುದು.” ನಗುತ್ತ ಸೇರಿಸಿದ: “ಮನೇಲಿ ಅಣ್ಣಂಗೂ ಸ್ವಲ್ಪ ಮಾತಾಡೋಕೆ ಅವಕಾಶ ಸಿಗುತ್ತೆ.”

ಗಂಡನಿಗೆ ಅವಳು ಸುಳಿವೇ ಕೊಡಲಿಲ್ಲ. ಬೆಳಿಗ್ಗೆ ಕಿವಿ ಮುಚ್ಚುವಂತೆ ಕೂದಲು ಬಾಚಿ, ಲಾಂಚಿನ ಹಿಂಭಾಗದಲ್ಲಿ ತರಕಾರಿ ಮೂಟೆಗಳ ಮರೆಯಲ್ಲಿ ಕೂತಳು. ಎಂಜಿನ್ ಗುಡುಗಿತು. ಅವಳು ಕಂಬಿ ಹಿಡಿದು ಕಣ್ಣು ಮುಚ್ಚಿದಳು. ಈಗ ಬಂತು, ಈಗ ಬಂತು ಎಂದು ಕಾದರೂ ಹೊಟ್ಟೆ ತೆಪ್ಪಗಿತ್ತು. ಮೆಲ್ಲಗೆ ಒಂದು ಕಣ್ಣು ಬಿಟ್ಟಳು. ದಡ ದೂರ ಸರಿದಿತ್ತು. ತಾನೇ ಒಣಹಾಕಿದ್ದ ಹೊದಿಕೆ ತಮ್ಮ ಹಳದಿ ಮನೆಯ ತಾರಸಿಯ ಮೇಲೆ ಕರವಸ್ತ್ರದಷ್ಟಾಗಿ ಕಾಣುತ್ತಿತ್ತು.

ಅಷ್ಟರಲ್ಲಿ ಮೈಕಿನಲ್ಲಿ ಗಂಡನ ದನಿ ಕೇಳಿಸಿತು. ಮನೆಯಲ್ಲಿ ಕೇಳಿದ್ದಕ್ಕೆ ‘ಹೂಂ’ ಎನ್ನಲೂ ಯೋಚಿಸುವ ಮನುಷ್ಯ!

“ಎಡಗಡೆ ನೋಡಿ! ಆ ಹಳದಿ ಮನೇಲಿ ಒಬ್ಬಳು ಮಹಾರಾಣಿ ಇದ್ದಾಳೆ. ನೀರು ಬಿಟ್ರೆ ಇನ್ಯಾವುದಕ್ಕೂ ಹೆದರೋಳಲ್ಲ. ಎಲ್ಲರೂ ಕೈ ಬೀಸಿ!”

ಜನ ಕೈ ಬೀಸಿದರು, ದಿನಾ ಬೀಸಿ ರೂಢಿಯಾದವರಂತೆ. ಇಷ್ಟು ವರ್ಷ ಕಿಟಕಿಯಿಂದ ಅದನ್ನು ಕಂಡು, ‘ಈ ಲಾಂಚಿನವರಿಗೆ ಬೇರೆ ಕೆಲಸವಿಲ್ಲ’ ಎಂದುಕೊಂಡಿದ್ದಳು. ಈಗ ಕೈ ಬೀಸಿದವರ ಜೊತೆ ತಾನೂ ಒಮ್ಮೆ ಬೀಸಿ, ಎದ್ದು ನೆಟ್ಟಗೆ ಅವನು ಲಾಂಚು ನಡೆಸುವ ಕೋಣೆಗೆ ನುಗ್ಗಿದಳು.

“ಯಾರಿಗ್ರೀ ಕೈ ಬೀಸಿಸ್ತಿದ್ದೀರಿ? ಮಹಾರಾಣಿ ಇಲ್ಲಿದ್ದಾಳೆ.”

ಅವನು ಬೆಚ್ಚಿ ಗೋಡೆಗೆ ಒತ್ತಿಕೊಂಡ. “ಏ! ಸ್ವಲ್ಪ ದೂರ ನಿಂತ್ಕೊಳೇ, ಅಂಗಿ ತೊಳೆದು ಹಾಕಿದ್ದೀನಿ!”

ಮೈಕು ಆರಿಸಿರಲಿಲ್ಲ. ಇಡೀ ಲಾಂಚು ಗೊಳ್ಳೆಂದಿತು. ಅವಳು ಕೂದಲು ಸರಿಸಿ ಕಿವಿಯ ಹಿಂದಿನ ಪಟ್ಟಿ ತೋರಿಸಿದಳು. ಅವನು ನೋಡಿ, ತಾನು ಕೂರುವ ಸ್ಟೂಲನ್ನು ಅವಳತ್ತ ತಳ್ಳಿದ.

ನಡುಗಡ್ಡೆಯಲ್ಲಿ ಅಕ್ಕ ಬಾಗಿಲಲ್ಲಿ ನಿಂತ ತಂಗಿಯನ್ನು ಕಂಡು, ಕಾಲು ಮುರಿದದ್ದು ಮರೆತು ಏಳಹೋಗಿ, ನೋವಿಗೆ ಕಿರುಚಿ, ಮತ್ತೆ ನಕ್ಕಳು.

“ಹೇಗೆ ಬಂದ್ಯೇ?”

“ಮೊದಲು ನೀರು ಎಲ್ಲಿದೆ ಹೇಳು, ಬಾಯಿ ಒಣಗಿ ಹೋಗಿದೆ. ಪಟ್ಟಿ ನಾಡಿದ್ದಿನವರೆಗೂ ಇರುತ್ತೆ, ನಾನೂ ಅಲ್ಲಿವರೆಗೆ ಇರ್ತೀನಿ,” ಎನ್ನುತ್ತ ದಡದಕ್ಕ ಅಡುಗೆಮನೆ ಹುಡುಕಿಕೊಂಡು ಒಳನಡೆದಳು.