ಹಲ್ಲಿನ ಡಾಕ್ಟರ ಷೇರು ಸಂಕಟ

ಹಲ್ಲಿನ ಡಾಕ್ಟರ ಕೈ ಎಂದೂ ನಡುಗಿದ್ದಲ್ಲ. ಆದರೆ ಕೇಂದ್ರ ಬ್ಯಾಂಕು ಮತ್ತೊಮ್ಮೆ ಬಡ್ಡಿದರ ಏರಿಸಿದ ಆ ವಾರ, ರೋಗಿ ಬಾಯಿ ಮುಕ್ಕಳಿಸಲು ಬಗ್ಗಿದಾಗಲೆಲ್ಲ ಆ ಕೈ ತಾನಾಗಿ ಕೋಟಿನ ಜೇಬಿಗೆ ಹೋಗುತ್ತಿತ್ತು. ಜೇಬಿನಲ್ಲಿ ಫೋನು, ಫೋನಿನಲ್ಲಿ ಷೇರು ಪೇಟೆ, ಪೇಟೆಯಲ್ಲಿ ಅವರ ಉಳಿತಾಯವೆಲ್ಲ. ಬೆಳಿಗ್ಗೆ ಇಳಿಕೆಯ ಕೆಂಪು, ಮಧ್ಯಾಹ್ನ ಆಸೆ ಹುಟ್ಟಿಸುವಷ್ಟು ಹಸಿರು, ಸಂಜೆಗೆ ಮತ್ತೆ ಕೆಂಪು.

ಬೆಲೆ ಏರಿಕೆಯೂ ಅವರನ್ನು ಬಿಟ್ಟಿರಲಿಲ್ಲ. ಕೈಗವಸು, ಹಲ್ಲಿಗೆ ತುಂಬುವ ಸಿಮೆಂಟು, ಎಲ್ಲ ತುಟ್ಟಿ. ಇತ್ತ ಜನ, “ಇನ್ನೊಂದು ತಿಂಗಳು ತಡ್ಕೋತೀನಿ ಡಾಕ್ಟ್ರೇ” ಎಂದು ತೂತು ಹಲ್ಲನ್ನು ಹಾಗೆಯೇ ಇಟ್ಟುಕೊಂಡು ಮನೆಗೆ ಹೋಗುತ್ತಿದ್ದರು.

ಅಂಥ ಒಂದು ದಿನ ಡಾಕ್ಟರ ಅಕ್ಕ ಊರಿನಿಂದ ಕೆನ್ನೆ ಊದಿಸಿಕೊಂಡು ಬಂದರು. ಪರದೆ ಹೊಲಿಯುವ ಅಂಗಡಿ ನಡೆಸಿ, ಗಳಿಸಿದ್ದನ್ನು ಬ್ಯಾಂಕಿನಲ್ಲಿ ಡಿಪಾಸಿಟ್ ಇಟ್ಟು ನೆಮ್ಮದಿಯಾಗಿದ್ದವರು ಅವರು. “ನಿನ್ನ ದುಡ್ಡು ಹೊದ್ದು ಮಲಗಿದೆ ಅಕ್ಕ, ಸ್ವಲ್ಪ ಎಬ್ಬಿಸು” ಎಂದು ಡಾಕ್ಟರು ವರ್ಷಗಟ್ಟಲೆ ಅವರ ಕಾಲೆಳೆದಿದ್ದರು.

ಕುರ್ಚಿಯಲ್ಲಿ ಒರಗಿದ ಅಕ್ಕ, ನೋವಿಲ್ಲದ ಬಲಗೆನ್ನೆಯಲ್ಲಷ್ಟೇ ನಕ್ಕರು. “ನನ್ನ ದುಡ್ಡು ಈಗ ಎದ್ದು ಕೂತಿದೆ ಕಣೋ. ಬ್ಯಾಂಕಿನವರೇ ಕರೆದು ಬಡ್ಡಿ ಜಾಸ್ತಿ ಕೊಡ್ತೀವಿ ಅಂದ್ರು. ನಿನ್ನದು ಹೇಗಿದೆ?”

“ಬಾಯಿ ತೆಗಿ” ಎಂದರು ಡಾಕ್ಟರು.

ಎಡಗಡೆಯ ಕೆಳಗಿನ ದವಡೆ ಹಲ್ಲು ಬುಡದವರೆಗೂ ಹುಳುಕಾಗಿತ್ತು. ಕೀಳದೆ ವಿಧಿಯಿರಲಿಲ್ಲ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅದು ಹಿಡಿಯುವ ತನಕ ಎಂದು ಡಾಕ್ಟರು ಕಿಟಕಿಯ ಕಡೆ ತಿರುಗಿ ಫೋನು ತೆಗೆದರು. ಬೆಳಿಗ್ಗೆಯಿಂದ ಆಗಿದ್ದ ನಷ್ಟ ಅಕ್ಕ ಬಂದ ಅರ್ಧ ಗಂಟೆಯಲ್ಲೇ ದುಪ್ಪಟ್ಟಾಗಿತ್ತು.

“ಅಕ್ಕ, ಅರ್ಧ ಮಾರಿಬಿಡಲಾ?” ಎಂದು ಅವರು ಬೆನ್ನು ಹಾಕಿಕೊಂಡೇ ಕೇಳಿದರು. ಷೇರಿನ ವಿಷಯದಲ್ಲಿ ಅಕ್ಕನ ಸಲಹೆ ಕೇಳಿದ್ದು ಅದೇ ಮೊದಲು.

ಅಕ್ಕನ ನಾಲಿಗೆ ಆಗಲೇ ಅರ್ಧ ನಿದ್ದೆಯಲ್ಲಿತ್ತು. “ಮಾ... ಹ್ಮಾ...” ಎಂದೇನೋ ಅಂದರು.

“ಮಾರು ಅಂತೀಯಾ? ನನಗೂ ಹಾಗೇ ಅನ್ನಿಸ್ತಿತ್ತು.” ಡಾಕ್ಟರು ಒತ್ತಿಯೇ ಬಿಟ್ಟರು. ಅರ್ಧ ಷೇರು ಹೋಯಿತು. ಮರುಕ್ಷಣವೇ ಮಾರಬಾರದಿತ್ತೇನೋ ಎನ್ನಿಸಿತು. ಆ ಗುಂಗಿನಲ್ಲೇ ಇಕ್ಕಳ ಹಿಡಿದು ಬಂದು, ಮೇಲಿನ ಸಾಲಿನ ಗಟ್ಟಿಮುಟ್ಟಾದ ಹಲ್ಲಿಗೆ ಹಾಕಿದರು.

ಅಕ್ಕ ತಮ್ಮನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆ ಬಿಗಿಗೆ ಡಾಕ್ಟರು ಬೆಚ್ಚಿ ಕೆಳಗೆ ನೋಡಿದರು. ಅಕ್ಕನ ಕಣ್ಣು ಇಷ್ಟಗಲವಾಗಿತ್ತು. ಪಕ್ಕದಲ್ಲಿ ನಿಂತಿದ್ದ ಸಹಾಯಕಿ ಮೆಲ್ಲಗೆ, “ಡಾಕ್ಟ್ರೇ, ಕೆಳಗಿನದು” ಎಂದಳು.

ಡಾಕ್ಟರು ಬೆವೆತುಹೋದರು. ಇಕ್ಕಳ ಕೆಳಗಿಟ್ಟು, ಫೋನನ್ನು ಸಹಾಯಕಿಯ ಕೈಗೆ ಕೊಟ್ಟು, “ನಾನು ಕಾಲು ಹಿಡಿದು ಬೇಡಿದರೂ ಸಂಜೆ ತನಕ ಕೊಡಬೇಡ” ಎಂದರು. ಆಮೇಲೆ ಕೀಳಬೇಕಾದ ಹಲ್ಲನ್ನು ಕಿತ್ತರು. ಅಕ್ಕನಿಗೆ ಗೊತ್ತೇ ಆಗದಷ್ಟು ಚೆನ್ನಾಗಿ ಕಿತ್ತರು.

ಅಕ್ಕ ಕೆಲವು ದಿನ ತಮ್ಮನ ಮನೆಯಲ್ಲೇ ಉಳಿದರು. ಅಂದು ಸಂಜೆ ನಾಲಿಗೆಗೆ ಜೀವ ಬಂದದ್ದೇ ತಡ, “ನಾನು ಮಾರು ಅಂದಿದ್ದಲ್ಲ ಕಣೋ. ಮಾತು ಸಾಕು, ಹಲ್ಲು ನೋಡು ಅಂದೆ” ಎಂದರು.

ಡಾಕ್ಟರ ಹೆಂಡತಿ ನಕ್ಕು ನಕ್ಕು ಸುಸ್ತಾದರು. ನಗು ನಿಂತ ಮೇಲೆ ಒಂದೇ ಮಾತು ಕೇಳಿದರು. “ಬರೋ ವರ್ಷ ಮಗಳ ಕಾಲೇಜಿಗೆ ಕಟ್ಟಬೇಕಾದ ದುಡ್ಡು ಎಲ್ಲಿತ್ತು?”

“ಅದೂ ಅದರಲ್ಲೇ ಇತ್ತು.”

“ಹತ್ತು ವರ್ಷ ಮುಟ್ಟೋದಿಲ್ಲ ಅನ್ನೋ ದುಡ್ಡು ಕುಣಿದರೆ ಕುಣೀಲಿ ಬಿಡಿ. ಬರೋ ವರ್ಷ ಬೇಕಾದ ದುಡ್ಡು ಯಾಕ್ರೀ ಕುಣೀಬೇಕು?”

ಡಾಕ್ಟರು ಅಕ್ಕನ ಮುಖ ನೋಡಿದರು, ಬೈಗುಳ ಅಲ್ಲಿಂದಲೂ ಬರುತ್ತದೆಂದು. ಅಕ್ಕ ಮಾತ್ರ ಸೆರಗಿನ ತುದಿ ಸುತ್ತುತ್ತಾ ಕೂತಿದ್ದರು.

“ಹೋದ ವರ್ಷ ನಿನ್ನ ಕಾಟ ತಾಳಲಾರದೆ ನಾನೂ ಒಂದಿಷ್ಟು ಷೇರು ತಗೊಂಡೆ” ಎಂದರು ಕೊನೆಗೆ. “ಎಲ್ಲ ತುತ್ತತುದಿಯಲ್ಲಿದ್ದಾಗ.”

“ಮತ್ತೆ ಮಾರಲಿಲ್ವಾ? ಅಷ್ಟು ಧೈರ್ಯ ಎಲ್ಲಿಂದ ಬಂತು?”

“ಧೈರ್ಯ ಏನು ಬಂತು ಮಣ್ಣು. ಪಾಸ್‌ವರ್ಡ್ ಮರೆತುಹೋಗಿದೆ. ನಿನ್ನ ಕೇಳೋಕೆ ನಾಚಿಕೆ.”

ಮರುದಿನ ಪೇಟೆ ಏರಿತು, ಡಾಕ್ಟರು ತನ್ನಂಥ ಪೆದ್ದ ಇನ್ನಿಲ್ಲ ಎಂದುಕೊಂಡರು. ಅದರ ಮರುದಿನ ದಬಕ್ಕನೆ ಬಿತ್ತು, ತನ್ನಂಥ ಜಾಣ ಇನ್ನಿಲ್ಲ ಎಂದುಕೊಂಡರು. ಹೆಂಡತಿ ಎರಡಕ್ಕೂ ತಲೆ ಕೆಡಿಸಿಕೊಳ್ಳದೆ, ಮಾರಿ ಬಂದ ದುಡ್ಡನ್ನು ಮಗಳ ಹೆಸರಿನಲ್ಲಿ ಡಿಪಾಸಿಟ್ ಇಡಿಸಿದರು. ಉಳಿದರ್ಧವನ್ನು ಇದ್ದ ಹಾಗೇ ಬಿಡುವುದೆಂದಾಯಿತು.

ಊತ ಇಳಿದ ಮೇಲೆ ಅಕ್ಕ ಊರಿಗೆ ಹೊರಟರು. ಬಾಗಿಲಲ್ಲಿ ನಿಂತು, ಪರ್ಸು ತೆಗೆದು, “ಎಷ್ಟು ಕೊಡಲಿ? ಹಲ್ಲು ಕೀಳೋ ದರನೂ ಏರಿಸಿದ್ದೀಯಂತೆ” ಎಂದರು.

“ಏರಿಸಿದ್ದೀನಿ. ನಿನಗೆ ಹಳೇ ದರ.”

“ಆ ಗಟ್ಟಿ ಹಲ್ಲು ಉಳಿಸಿಕೊಂಡಿದ್ದಕ್ಕೆ ನೀನೇ ನನಗೆ ಕೊಡಬೇಕು ಕಣೋ” ಎಂದು ಅಕ್ಕ ಪರ್ಸು ಮುಚ್ಚಿ, ಎರಡೂ ಕೆನ್ನೆ ತುಂಬ ನಗುತ್ತಾ ಮೆಟ್ಟಿಲಿಳಿದರು.