ಒತ್ತಿದರೆ ಬರುವವರು

“ಜೋಡಿ ಯಾರ್ ಬಂದಾರ್ರೀ?” ಎಂದು ಸ್ಕ್ಯಾನ್ ಮಾಡುವ ಆಸೀಮ್ ಮತ್ತೆ ಕೇಳಿದಾಗ ನನಗೆ ಸಿಟ್ಟು ನೆತ್ತಿಗೇರಿತು.

“ನನ್ನ ಜೋಡಿ ನಾನ ಬಂದೀನಿ. ಸಾಲದೇನಪಾ?”

ಆಸೀಮ್ ಒಳ್ಳೆಯ ಮನುಷ್ಯ, ನಕ್ಕು ಚೀಟಿಯಲ್ಲಿ ನನ್ನೊಬ್ಬಳದೇ ಹೆಸರು ಬರೆದುಕೊಂಡ.

ನಾನು ಕಲ್ಯಾಣಮ್ಮ, ಮಸ್ಕಿಯಲ್ಲಿ ನನ್ನದೊಂದು ಕಿರಾಣಿ ಅಂಗಡಿ. ಬಲಗಾಲು ಜೋಮು ಹಿಡಿದು ಅಂಗಡಿಯ ಮೆಟ್ಟಿಲು ಹತ್ತುವುದೇ ಕಷ್ಟವಾಗಿತ್ತು. ಬೆನ್ನಿನ ಎಂಆರ್‌ಐ ಮಾಡಿಸದಿದ್ದರೆ ಕಾಲೇ ಹೋದೀತು ಎಂದು ಊರಿನ ಡಾಕ್ಟರು ಹೆದರಿಸಿದ್ದರು. ಆದರೆ ನನ್ನೆದೆಯಲ್ಲಿ ಪೇಸ್‌ಮೇಕರ್ ಇದೆ. ಅಷ್ಟು ದೊಡ್ಡ ಅಯಸ್ಕಾಂತದ ಮುಂದೆ ಅದು ತಾಳ ತಪ್ಪಿದರೆ? ಸಿಂಧನೂರಿನ ಈ ದವಾಖಾನೆಗೆ ಬಂದ ಹೃದಯದ ಡಾಕ್ಟರು ಅದರ ಕಾರ್ಡು ನೋಡಿ, ಇದು ಎಂಆರ್‌ಐಗೆ ನಡೆಯುವಂಥದ್ದು, ಸೆಟ್ಟಿಂಗ್ ಬದಲಿಸಿ ಇಲ್ಲೇ ನಿಂತಿರುತ್ತೇನೆ ಎಂದರು.

“ಮೈಮ್ಯಾಗಿನ ಲೋಹ ಎಲ್ಲಾ ತಗೀರಿ ಅಮ್ಮಾರ. ಕೊಳ್ಳಾಗಿಂದೂ,” ಎಂದ ಆಸೀಮ್.

ಕೊರಳಲ್ಲಿದ್ದದ್ದು ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಮೈಯಿಂದ ಇಳಿಸಬಾರದ್ದು, ಇಳಿಸಿದರೂ ಕೆಳಗೆ ಇಡಬಾರದ್ದು. ಪೇಸ್‌ಮೇಕರ್ ಹಾಕಿದ ದಿನ ನಮ್ಮ ಮನೆಯವರು ಅದನ್ನು ಅಂಗೈಯಲ್ಲಿ ಹಿಡಿದು ಆಪರೇಷನ್ ಕೋಣೆಯ ಬಾಗಿಲಲ್ಲೇ ಕೂತಿದ್ದರು. ಚಹಾಕ್ಕೂ ಎದ್ದಿರಲಿಲ್ಲವಂತೆ. ಹೋದ ಶ್ರಾವಣದಲ್ಲಿ ಅವರು ಲಿಂಗೈಕ್ಯರಾದರು, ಅವರ ಲಿಂಗ ಅವರ ಜೊತೆಗೇ ಮಣ್ಣಿಗೆ ಹೋಯಿತು. ನನ್ನದನ್ನು ಹಿಡಿಯುವ ಕೈ ಈಗ ಇಲ್ಲ.

“ಲಾಕರ್ ಅದ ರೀ, ಅದರಾಗ ಇಡ್ರಿ.”

“ಲಿಂಗಾನ ಕಬ್ಬಿಣದ ಕಪಾಟಿನ್ಯಾಗ ಇಡ್ಲೇನು? ಭೇಷ್ ಹೇಳಿದಿ ನೋಡು! ಸ್ಕ್ಯಾನೂ ಬ್ಯಾಡ, ಏನೂ ಬ್ಯಾಡ. ನಾ ಹೊಂಟೆ.”

ಎದ್ದೆ. ಕಾಲು ಮಾತು ಕೇಳಲಿಲ್ಲ, ಬೆಂಚಿನ ಮೇಲೆ ಕುಕ್ಕರಿಸಿದೆ. ಕಸ ಗುಡಿಸುತ್ತಿದ್ದ ಹುಸೇನ್‌ಬೀ ಹತ್ತಿರ ಬಂದಳು.

“ನಾ ಹಿಡಕೊಂಡ್ರ ನಡೀತದೇನವ್ವಾ? ಕೈ ತೊಳಕೊಂಡ್ ಬರ್ತೀನಿ.”

“ತೊಳಕೊಂಡ್ ಬಾ. ಕೆಳಗ ಇಟ್ಟಿ ಅಂದ್ರ ನೋಡ್ ಮತ್ತ,” ಎಂದು ಗದರಿಸಿಯೇ ಕೊಟ್ಟೆ.

ಆಸೀಮ್ ನನ್ನನ್ನು ಮಲಗಿಸಿ ಕೈಯಲ್ಲಿ ರಬ್ಬರಿನ ಬಲ್ಬು ಇಟ್ಟ. “ಏನರ ತ್ರಾಸಾದ್ರ ಇದನ್ನ ಒತ್ತ್ರಿ, ಓಡಿ ಬರ್ತೀವಿ.”

ಮಷೀನು ಡಬಡಬ ಬಡಿಯತೊಡಗಿತು. ಎದೆ ಮೇಲೆ ಲಿಂಗವಿಲ್ಲ, ಬಾಗಿಲಲ್ಲಿ ಅವರಿಲ್ಲ. ದುಃಖ ಒತ್ತರಿಸಿ ಬಂತು. ಎದೆಯೊಳಗಿನ ಯಂತ್ರ ಮಾತ್ರ ಹೇಳಿಕೊಟ್ಟಷ್ಟೇ ಬಡಿಯುತ್ತಿತ್ತು, ನನ್ನ ದುಃಖ ಅದಕ್ಕೆ ಗೊತ್ತೇ ಆಗಲಿಲ್ಲ.

ಬಲ್ಬು ಒತ್ತಿದೆ.

ಸದ್ದು ನಿಂತಿತು. ಡಾಕ್ಟರು, ಆಸೀಮ್ ಒಳಗೆ ಓಡಿ ಬಂದರು. ಬಾಗಿಲಾಚೆ ಹುಸೇನ್‌ಬೀ ಎರಡೂ ಅಂಗೈ ಎತ್ತಿ ಹಿಡಿದು ಕೂಗಿದಳು: “ಇಲ್ಲೇ ಅದೀನವ್ವಾ, ಕೈಯಾಗ ಅದ!”

“ಏನಾತ್ರೀ ಅಮ್ಮಾರ? ಎದಿ ನೋಯಾಕತ್ತದೇನು?” ಎಂದ ಆಸೀಮ್.

“ಏನಿಲ್ಲಪಾ. ಒತ್ತಿದ್ರ ಬರ್ತೀರೇನು ಅಂತ ನೋಡಿದೆ.”

ಡಾಕ್ಟರು ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ, ಮೊದಲಿನಿಂದ ಶುರುಮಾಡಿಸಿದರು. ಈ ಸಲ ಅಲುಗಾಡದೆ ಅತ್ತೆ.

ಮುಗಿದ ಮೇಲೆ ಪೇಸ್‌ಮೇಕರಿನ ಸೆಟ್ಟಿಂಗ್ ಮೊದಲಿನಂತೆ ಮಾಡಿದರು. ಬೆನ್ನಿನಲ್ಲಿ ನರ ಒತ್ತಿಕೊಂಡಿದೆ, ಚಿಕಿತ್ಸೆ ಮಾಡಿದರೆ ಕಾಲು ಉಳಿಯುತ್ತದೆ ಎಂದರು. ಹುಸೇನ್‌ಬೀ ಕೊಟ್ಟ ಕರಡಿಗೆ ಬೆಚ್ಚಗಿತ್ತು.

ಬಸ್ಸು ಹಿಡಿದು ಮಸ್ಕಿಗೆ ಬಂದು ಮನೆಯ ಬೀಗ ತೆಗೆದೆ. ಗೋಡೆಗೆ ಒರಗಿ ಕೂತು, ಬಲ್ಬು ಹಿಡಿದವಳಂತೆ ಬರಿಗೈಯನ್ನೇ ಒಮ್ಮೆ ಮಡಚಿ ಒತ್ತಿ ನೋಡಿದೆ. ಯಾರೂ ಬರಲಿಲ್ಲ.